ಇಪ್ಪತ್ತೈದನೆಯ ಮಗು

ಏಳನೇ ತರಗತಿಯ ಮಕ್ಕಳು ಎರಡನೇ ಮಹಡಿ ಹತ್ತುವಷ್ಟರಲ್ಲಿ ಮೂರು ಕಡೆ ಕೂತು ಸುಧಾರಿಸಿಕೊಳ್ಳುತ್ತಾರೆ ಎಂದು ತಪಾಸಣೆಗೆ ಬಂದ ಡಾಕ್ಟರು ಬರೆದುಕೊಟ್ಟು ಹೋದದ್ದೇ ಚಂದ್ರಾಮಪ್ಪ ಮೇಷ್ಟ್ರ ಗ್ರಹಚಾರಕ್ಕೆ ಮೂಲವಾಯಿತು. ವಾರಕ್ಕೆ ಎರಡು ಪಿ.ಟಿ. ಪೀರಿಯಡ್ ಇದ್ದೂ ಮಕ್ಕಳು ಹೀಗೇಕೆ ಎಂದು ಮುಖ್ಯೋಪಾಧ್ಯಾಯಿನಿ ಯಮುನಾ ಮೇಡಂ ವಿಚಾರಿಸಿದರು. ಪಾಠ ಮುಗಿದಿಲ್ಲವೆಂಬ ನೆಪ ಹೇಳಿ ಆ ಎರಡನ್ನೂ ಗಣಿತದ ಮೇಷ್ಟ್ರಾದ ಚಂದ್ರಾಮಪ್ಪನವರೇ ನುಂಗಿ ನೀರು ಕುಡಿಯುತ್ತಿದ್ದ ಸಂಗತಿ ಹೊರಬಿತ್ತು.

"ಪಿ.ಟಿ. ಪೀರಿಯಡ್ ವಾಪಸ್ ಕೊಟ್ಬಿಡಿ. ಆದ್ರೆ ಅದೊಂದೇ ಸಾಲಲ್ಲ. ಇನ್ಮೇಲೆ ಜೀವನ್ ಬಿಮಾ ನಗರದ ಮಕ್ಳು ಆಟೋ ಬಿಟ್ಟು ನಡ್ಕೊಂಡೇ ಬರ್ಲಿ. ನೀವೇ ದಿನಾ ಕರ್ಕೊಂಡ್ ಬನ್ನಿ," ಎಂದರು ಮೇಡಂ.

"ಮೇಡಂ, ನಾ ಲೆಕ್ಕದ ಮಾಸ್ತರ್‌ರೀ. ರಸ್ತಾ ಮ್ಯಾಲ ಮಕ್ಕಳನ್ನ..."

"ಎಣಿಸೋಕೆ ಬರುತ್ತಲ್ಲ? ಅಷ್ಟು ಸಾಕು."

ಕಲಬುರಗಿ ಕಡೆಯಿಂದ ಬಂದು ಗರುಡಾಚಾರ್‌ಪಾಳ್ಯದ ಬಾಡಿಗೆ ಕೋಣೆಯಲ್ಲಿದ್ದ ಮೇಷ್ಟ್ರಿಗೆ ತರಗತಿಯೊಳಗೆ ಯಾರ ಭಯವೂ ಇರಲಿಲ್ಲ. ರಸ್ತೆಗಿಳಿದರೆ ಮಾತ್ರ ತುಂಬಿದ ತುಪ್ಪದ ಗಿಂಡಿ ಹಿಡಿದವರಂತೆ ನಡೆಯುತ್ತಿದ್ದರು. ಬಸ್ಸಿಗೆ ಹೆದರಿಕೆ, ನಾಯಿಗೆ ಹೆದರಿಕೆ, ಮಲಗಿದ ಹಸು ಎದ್ದೀತೆಂಬ ಹೆದರಿಕೆ. ಸಾಲದ್ದಕ್ಕೆ, 2002ರ ಆ ಜುಲೈನಲ್ಲಿ ಶಾಲೆಯಿದ್ದ ಹೊಸ ತಿಪ್ಪಸಂದ್ರದ ಸುತ್ತ ಮಕ್ಕಳ ಕಳ್ಳರು ಓಡಾಡುತ್ತಿದ್ದಾರೆಂಬ ಗುಲ್ಲು ಎದ್ದಿತ್ತು. ಒಂದು ಮಗು ಕಾಣೆಯಾದರೂ ತಮ್ಮ ಕತೆ ಮುಗಿಯಿತು ಎಂದುಕೊಂಡು ಮೇಷ್ಟ್ರು ನಡಿಗೆ ಶುರುವಾಗುವ ಹಿಂದಿನ ದಿನ ಊಟವನ್ನೇ ಮಾಡಲಿಲ್ಲ.

ಮೊದಲ ದಿನ ಇಪ್ಪತ್ನಾಲ್ಕು ಮಕ್ಕಳು. ಪ್ರತಿ ತಿರುವಿನಲ್ಲೂ ನಿಲ್ಲಿಸಿ ಎಣಿಸಿದರು. "ಸಾಲು ಬಿಡಬ್ಯಾಡ್ರಿ! ಕೈ ಬಿಡಬ್ಯಾಡ್ರಿ!" ಎಂದು ಕೂಗಿ ಕೂಗಿ ಗಂಟಲು ಕಟ್ಟಿತು. ಮಾರ್ಕೆಟ್ ರಸ್ತೆಯಲ್ಲಿ ಒಂದು ಕಂದು ನಾಯಿ ಅವರನ್ನೇ ಆರಿಸಿಕೊಂಡು ಹಿಂದೆ ಬಿತ್ತು. ಅಲ್ಲೊಂದು ಕಡೆ ಎಣಿಸುವುದು ತಪ್ಪಿತು.

ಶಾಲೆಯ ಗೇಟಿನಲ್ಲಿ ನಿಂತು ಎಣಿಸಿದರೆ ಇಪ್ಪತ್ತೈದು! ಕನ್ನಡಕ ಒರೆಸಿ ಮತ್ತೆ ಎಣಿಸಿದರು. ಇಪ್ಪತ್ತೈದೇ.

ಸಾಲಿನ ಕೊನೆಯಲ್ಲಿ, ಹೂವಿನ ಫ್ರಾಕು ತೊಟ್ಟ ನಾಲ್ಕು ವರ್ಷದ ಹುಡುಗಿಯೊಂದು ಬನ್ನು ಕಚ್ಚುತ್ತ ನಿಂತಿತ್ತು.

"ಇದ್ಯಾರು?"

"ಗೊತ್ತಿಲ್ಲ ಸಾರ್. ಮಾರ್ಕೆಟ್ ಹತ್ರ ಬಂದು ನನ್ ಕೈ ಹಿಡ್ಕೊಂಡ್ಲು. ಕೈ ಬಿಡಬ್ಯಾಡ್ರಿ ಅಂತ ನೀವೇ ಹೇಳಿದ್ರಲ್ಲ?" ಎಂದ ಆರನೇ ತರಗತಿಯ ಸುಗತ.

ಕಳ್ಳರಿಗೆ ಹೆದರುತ್ತಿದ್ದ ಮೇಷ್ಟ್ರು ಈಗ ತಾವೇ ಮಗು ಕದ್ದಂತಾಗಿತ್ತು.

ಯಮುನಾ ಮೇಡಂ ಗಡಿಯಾರ ನೋಡಿದರು. "ಯಾರಾದ್ರೂ ನೋಡೋಕ್ ಮುಂಚೆ ಎಲ್ಲಿಂದ ತಂದ್ರೋ ಅಲ್ಲೇ ಒಪ್ಪಿಸಿ ಬನ್ನಿ."

ಮೇಷ್ಟ್ರು ಮಗುವನ್ನೆತ್ತಿಕೊಂಡು ಹೊರಟರು. ಹತ್ತು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡುತ್ತ, ಗೋಡೆ ಪಕ್ಕಕ್ಕೆ ಸರಿಯುತ್ತ, ಬೆವರೊರೆಸುತ್ತ ನಡೆದದ್ದನ್ನು ಕಂಡರೆ ಪರಿಚಯದವರಿಗೂ ಅನುಮಾನ ಬರುತ್ತಿತ್ತು. ಹೂ ಮಾರುವ ಬೈರಮ್ಮನಿಗಂತೂ ಇವರ ಪರಿಚಯವೇ ಇರಲಿಲ್ಲ.

"ಏನಣ್ಣೋ, ಯಾರ್ ಮಗು ಅದು?"

ನಿಜ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೆದರಿಕೆ ಮುಂದೋಡಿತು. "ನಂದೇ ರೀ. ನನ್ನ ಮಗಳು."

"ಏನ್ ಹೆಸ್ರು?"

"ರೇ... ರೇವತಿ."

ಅಷ್ಟು ಹೊತ್ತು ತುಟಿ ಬಿಚ್ಚದಿದ್ದ ಮಗು ಬನ್ನು ನುಂಗಿ ಸ್ಪಷ್ಟವಾಗಿ ಹೇಳಿತು: "ನಾನು ಕಾವೇರಿ."

"ಅಯ್ಯೋ! ಮಕ್ಕಳ ಕಳ್ಳ ಕಣ್ರೋ!" ಬೈರಮ್ಮನ ಕೂಗಿಗೆ ರಸ್ತೆಯೇ ತಿರುಗಿತು. ಪಂಕ್ಚರ್ ಅಂಗಡಿಯ ಸನಾವುಲ್ಲಾ ಕೈಯಲ್ಲಿ ಸ್ಪ್ಯಾನರ್ ಹಿಡಿದೇ ಎದ್ದ. "ಅರೇ ಪಕಡೋ!"

"ನಾ ಮಾಸ್ತರ್‌ರೀ!" ಎಂದು ಮೇಷ್ಟ್ರು ಹೇಳಬೇಕೆಂದಿದ್ದರು. ಬಾಯಿಗಿಂತ ಮೊದಲು ಕಾಲು ಉತ್ತರ ಕೊಟ್ಟಿತು. ನಲವತ್ತಾರು ವರ್ಷದಲ್ಲಿ ಬಸ್ಸಿಗೂ ಓಡದವರು ಮಗುವನ್ನು ಹೆಗಲಿಗೇರಿಸಿಕೊಂಡು ಶಾಲೆಯ ಕಡೆ ಹಾರಿದರು. ಹಿಂದೆ ಸನಾವುಲ್ಲಾ, ಅವನ ಹಿಂದೆ ಬೈರಮ್ಮ, ಅವಳ ಹಿಂದೆ ವಿಷಯವೇನೆಂದು ತಿಳಿಯದ ಇಪ್ಪತ್ತು ಜನ. ಹೆಗಲ ಮೇಲಿನ ಕಾವೇರಿ ಕಿಲಕಿಲ ನಗುತ್ತ ಅವರ ಕೂದಲೆಳೆದು, "ಇನ್ನೂ ಜೋರು! ಇನ್ನೂ ಜೋರು!" ಎನ್ನುತ್ತಿತ್ತು.

ಗೇಟು ದಾಟಿದಾಗ ಮೈದಾನದಲ್ಲಿ ಪ್ರಾರ್ಥನೆ ಮುಗಿಯುತ್ತಿತ್ತು. ಲೆಕ್ಕದ ಮೇಷ್ಟ್ರು ಓಡುವುದನ್ನು ಮಕ್ಕಳು ಈ ಜನ್ಮದಲ್ಲಿ ಕಂಡಿರಲಿಲ್ಲ. ಒಬ್ಬ ಸಾಲು ಬಿಟ್ಟ, ಹತ್ತು ಜನ ಬಿಟ್ಟರು, ಆಮೇಲೆ ಇಡೀ ಶಾಲೆಯೇ "ಹೋ" ಎಂದು ಬೆನ್ನು ಹತ್ತಿತು. ಮೇಷ್ಟ್ರು ಹಿಂತಿರುಗಿ ನೋಡಿದರು. ಇಪ್ಪತ್ತಿದ್ದವರು ಇನ್ನೂರಾಗಿದ್ದರು! ತಿಪ್ಪಸಂದ್ರವೆಲ್ಲ ತಮ್ಮನ್ನು ಕೊಲ್ಲಲು ಬಂತೆಂದು ತಿಳಿದು, ಕಣ್ಣು ಮುಚ್ಚಿಕೊಂಡು ಮೈದಾನವನ್ನು ಒಂದಲ್ಲ, ನಾಲ್ಕು ಸುತ್ತು ಹೊಡೆದು ಧ್ವಜಸ್ತಂಭ ಹಿಡಿದುಕೊಂಡು ಕುಸಿದರು.

ಸನಾವುಲ್ಲಾ ತಲುಪುವುದರೊಳಗೆ ಯಮುನಾ ಮೇಡಂ ಅಡ್ಡ ನಿಂತರು. "ಮುಟ್ಬೇಡಿ! ನಮ್ಮ ಮ್ಯಾಥ್ಸ್ ಮೇಷ್ಟ್ರು ಅವ್ರು!"

ಎಲ್ಲರಿಗಿಂತ ಹಿಂದೆ ಏದುಸಿರು ಬಿಡುತ್ತ ಕಾವೇರಿಯ ಅಜ್ಜಿ ಮುನಿವೆಂಕಟಮ್ಮ ಬಂದಳು. ಸೊಪ್ಪು ಕೊಳ್ಳುತ್ತಿದ್ದಾಗ ಮೊಮ್ಮಗಳು ಕೈತಪ್ಪಿದ್ದಳಂತೆ. ನಡೆದದ್ದನ್ನೆಲ್ಲ ಕೇಳಿ ಮೂಗಿನ ಮೇಲೆ ಬೆರಳಿಟ್ಟಳು. "ನಡ್ಕೊಂಡ್ ಬಂದ್ಲಾ? ಇವ್ಳಾ? ಮನೇಲಿ ಸೊಂಟದಿಂದ ಇಳಿಯಲ್ವಲ್ಲಪ್ಪಾ ಇದು!"

ಸನಾವುಲ್ಲಾ ಸ್ಪ್ಯಾನರನ್ನು ಬೆನ್ನ ಹಿಂದೆ ಮಾಡಿದ. "ಮಾಫ್ ಕರೋ ಮೇಷ್ಟ್ರೇ. ನೀವ್ ಓಡಿದ್ದಕ್ಕೇ ನಾವೂ ಓಡಿದ್ದು."

ಜನ ಚದುರಿದರು. ಮೇಷ್ಟ್ರು ಕೈಮುಗಿದರು. "ಮೇಡಂ, ಈ ನಡಿಗಿ ನಿಲ್ಲಿಸ್ರಿ. ನನ್ನ ಜೀವಾ ಉಳೀಬೇಕಾದ್ರ ನಿಲ್ಲಿಸ್ರಿ."

ಮೇಡಂ ಮೈದಾನದ ಕಡೆ ನೋಡುತ್ತಿದ್ದರು. ಮುಖ ಕೆಂಪಾಗಿ, ಬೆವರಿನಲ್ಲಿ ತೊಯ್ದು, ಏಳನೇ ತರಗತಿಯವರು ಬಿದ್ದು ಬಿದ್ದು ನಗುತ್ತಿದ್ದರು. "ಆಯ್ತು ಮೇಷ್ಟ್ರೇ. ನಡಿಗೆ ಇವತ್ತಿಗೇ ಕ್ಯಾನ್ಸಲ್," ಎಂದರು ಮೆಲ್ಲಗೆ.

ಅಂದು ಮೇಷ್ಟ್ರು ಎರಡು ರೊಟ್ಟಿ ಹೆಚ್ಚಿಗೆ ಉಂಡು ನೆಮ್ಮದಿಯಾಗಿ ಮಲಗಿದರು.

ಮರುದಿನ ಬಸ್ಸಿಳಿದು ಗೇಟಿನೊಳಗೆ ಕಾಲಿಟ್ಟರೆ, ಮೈದಾನದ ಒಂದು ತುದಿಯಲ್ಲಿ ಇಡೀ ಶಾಲೆ ಶೂ ಲೇಸು ಬಿಗಿದುಕೊಂಡು ಸಾಲಾಗಿ ನಿಂತಿತ್ತು. ಮುನಿವೆಂಕಟಮ್ಮ ಕಾವೇರಿಯನ್ನು ಹೊತ್ತು ಮುಂದೆ ಬಂದಳು. "ನಿನ್ನೆ ಥರಾನೇ ಹೆಗಲ ಮೇಲೆ ಕೂರ್ಬೇಕಂತೆ ಮೇಷ್ಟ್ರೇ. ಬೆಳಗ್ಗಿಂದ ಒಂದೇ ಹಟ."

"ಮೇಡಂ! ಕ್ಯಾನ್ಸಲ್ ಅಂದಿದ್ರಿ!"

"ಕ್ಯಾನ್ಸಲ್ ಆಗಿದ್ದು ನಡಿಗೆ ಕಣ್ರೀ," ಎಂದರು ಯಮುನಾ ಮೇಡಂ ಸೀಟಿಯನ್ನು ಕೈಗೆತ್ತಿಕೊಳ್ಳುತ್ತ. "ಆರು ವರ್ಷದಲ್ಲಿ ಈ ಮಕ್ಳು ಒಂದು ಸುತ್ತು ಓಡಿರ್ಲಿಲ್ಲ. ನಿನ್ನೆ ನಾಲ್ಕು ಓಡಿದ್ರು. ಯಾಕ್ ಗೊತ್ತಾ? ಮುಂದೆ ನೀವಿದ್ರಿ. ಇನ್ಮೇಲೆ ದಿನಾ ಹೀಗೇ."

"ಹೆದರ್ಬೇಡಿ ಸಾರ್," ಎಂದು ಸುಗತ ಸಾಲಿನಿಂದ ಸಮಾಧಾನ ಹೇಳಿದ. "ನೂರರವರೆಗೂ ಎಣಿಸಿ ಆಮೇಲೇ ಅಟ್ಟಿಸ್ಕೊಂಡ್ ಬರ್ತೀವಿ."

ನೂರು ಎಣಿಸುವಷ್ಟರಲ್ಲಿ ಸ್ಟಾಫ್ ರೂಮು ಸೇರಿ ಚಿಲಕ ಹಾಕಿಕೊಳ್ಳಬಹುದೆಂದು ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಕಾವೇರಿಯನ್ನು ಹೆಗಲಿಗೇರಿಸಿಕೊಂಡು ಮೂರು ಹೆಜ್ಜೆ ಇಟ್ಟಿದ್ದರು ಅಷ್ಟೇ. ಬೆನ್ನ ಹಿಂದೆ ಇನ್ನೂರು ಗಂಟಲು ಒಟ್ಟಿಗೆ ತೆರೆದವು:

"ಹತ್ತು! ಇಪ್ಪತ್ತು! ಮೂವತ್ತು!..."