ರಿವರ್ಸ್ ಗೇರಿನ ಕೂಗುಮಾರಿ

"ಮೆಕ್ಯಾನಿಕ್ಕಾ? ನಾನಿರೋವಾಗ ಮೆಕ್ಯಾನಿಕ್ ಯಾಕೇ?" ಎಂದು ಕಾಫಿ ಲೋಟ ಕುಕ್ಕಿ ಘೋಷಿಸಿದಾಗ ನನ್ನಾಕೆ ಬೆಚ್ಚಿಬಿದ್ದಳು. ಬೀಳದೆ ಏನು? ಮಿಕ್ಸಿ ರಿಪೇರಿ ಮಾಡಲು ಹೋಗಿ ಅಡುಗೆಮನೆಯ ಚಾವಣಿಗೆಲ್ಲ ಟೊಮೆಟೊ ಬಣ್ಣ ಬಳಿದ ಮಹಾಶಯ ನಾನು!

ಮಧ್ಯಾಹ್ನ ಅವಳಿಗೆ ಡ್ರೈವಿಂಗ್ ಟೆಸ್ಟ್. ಹೋದ ಸಲ ರಿವರ್ಸ್‌ನಲ್ಲೇ ಫೇಲು. ಈ ಸಲವೂ ಹಾಗಾದರೆ ಇನ್ನು ಸ್ಟೀರಿಂಗ್ ಮುಟ್ಟುವುದಿಲ್ಲವೆಂದು ಶಪಥ ಬೇರೆ. ಕಾರಿನ ಹಿಂದೆ ಏನಾದರೂ ಅಡ್ಡ ಇದ್ದರೆ ಕೂಗಿ ಎಚ್ಚರಿಸಬೇಕಾದ ಸೆನ್ಸರೋ, ಅವಳು ರಿವರ್ಸ್ ಹಾಕಿದಾಗಲೆಲ್ಲ ಕೂಂ ಎಂದು ಬಾಯಿ ಬಡಿದುಕೊಳ್ಳುತ್ತಿತ್ತು. ಅದು ಕೂಗಿದರೆ ಇವಳು ಬೆದರಿ ಬ್ರೇಕ್ ಒತ್ತುವಳು. ಕಾರು ಮುಗ್ಗರಿಸಿ ಆಫ್!

"ನೀವು ಓಡಿಸುವಾಗ ತೆಪ್ಪಗಿರುತ್ತಲ್ಲ, ನಾನು ಕೂತ್ರೆ ಮಾತ್ರ ಯಾಕ್ರೀ ಹೀಗೆ?"

"ಲೂಸ್ ವೈರಿಂಗ್ ಕಣೇ! ಅನುಭವಸ್ಥರು ಕೂತರೆ ಅದುಮಿಕೊಂಡಿರುತ್ತೆ, ಹೊಸಬರು ಕೂತರೆ ಅದುರುತ್ತೆ."

"ಸೀಟಲ್ಲಿ ಯಾರಿದ್ದಾರೆ ಅಂತ ವೈರ್‌ಗೂ ಗೊತ್ತಾಗುತ್ತಾ?"

"ಇದು ತಂತ್ರಜ್ಞಾನ. ನಿನಗೆ ತಿಳಿಯಲ್ಲ ಬಿಡು!"

ಡಿಕ್ಕಿಯ ಒಳಹೊದಿಕೆ ಕಿತ್ತೆ. ಬಣ್ಣಬಣ್ಣದ ವೈರುಗಳು ಹಾವಿನ ಸಂಸಾರದಂತೆ ಹೆಣೆದುಕೊಂಡಿದ್ದವು. ಬಿಚ್ಚಿದೆ, ಊದಿದೆ, ಬನಿಯನ್ನಿನಿಂದಲೇ ಒರೆಸಿದೆ, ಕಂಡಕಂಡಲ್ಲಿ ಟೇಪು ಸುತ್ತಿದೆ. ಶಸ್ತ್ರಚಿಕಿತ್ಸೆ ಮುಗಿಸಿ, ಎಂದಿನಂತೆ ಕಾರಿನ ಹಿಂದೆ ಸೊಂಟಕ್ಕೆ ಕೈಕೊಟ್ಟು ನಿಂತೆ. "ಹಾಕು ರಿವರ್ಸ್! ಬರ್ಲಿ, ಬರ್ಲಿ!"

ಕೂಂ! ಸಾಲದ್ದಕ್ಕೆ ಹಿಂದಿನ ಗಾಜಿನ ವೈಪರ್ ತಾನೇ ಎದ್ದು ಕುಣಿಯತೊಡಗಿತು.

"ರೀ, ಮಳೆ ಎಲ್ರೀ?"

"ಅದು... ಹೆಚ್ಚುವರಿ ಸೌಲಭ್ಯ ಕಣೇ!"

ಮತ್ತೆ ಬಿಚ್ಚಿ ಕಟ್ಟಿದೆ. ಈಗ ಒಳಗಿನ ದೀಪವೂ ಕಣ್ಣು ಹೊಡೆಯಿತು. ಕೂಗು ಮಾತ್ರ ಹಾಗೇ!

"ಇನ್ನೊಂದು ಸಲ ಕೈ ಹಾಕಿದ್ರೆ ಚಕ್ರಾನೇ ಕಳಚಿ ಬೀಳುತ್ತೆ. ಹೊತ್ತಾಯ್ತು, ಹತ್ತಿ ಸುಮ್ನೆ!" ಎಂದಳು.

ಟೆಸ್ಟ್ ಮೈದಾನದಲ್ಲಿ ಇನ್ಸ್‌ಪೆಕ್ಟರ್ ಅವಳ ಪಕ್ಕ ಕೂತರು. ರಿವರ್ಸ್ ಸರದಿ ಬಂದದ್ದೇ ತಡ, ಓಡಿಹೋಗಿ ನನ್ನ ಖಾಯಂ ಜಾಗದಲ್ಲಿ ನಿಂತೆ. "ಬರ್ಲಿ, ಬರ್ಲಿ!"

ಕೂಂ! ಬ್ರೇಕ್! ಆಫ್!

ತೆರೆದ ಕಿಟಕಿಯಿಂದ ಇನ್ಸ್‌ಪೆಕ್ಟರ್ ದನಿ ಕೇಳಿಸಿತು. "ಯಾರಮ್ಮ ಅದು, ಹಿಂದೆ?"

"ನಮ್ಮನೆಯವರು ಸರ್. ನಾನು ರಿವರ್ಸ್ ತೆಗೆಯುವಾಗ ಅಲ್ಲೇ ನಿಂತು ಹೇಳ್ಕೊಡ್ತಾರೆ."

"ದಿನಾನೂ?"

"ದಿನಾ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಇಬ್ಬರೂ ನಿಧಾನವಾಗಿ ತಿರುಗಿ ನನ್ನನ್ನೇ ನೋಡಿದರು.

"ಸ್ವಾಮೀ, ಸ್ವಲ್ಪ ಪಕ್ಕಕ್ಕೆ ಬರ್ತೀರಾ?"

ಬಂದೆ. ಸೆನ್ಸರ್ ಗಪ್‌ಚುಪ್! ಕಾರು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಹಿಂದೆ ಸರಿದು, ಗೆರೆಗಳ ನಡುವೆ ನೆಟ್ಟಗೆ ನಿಂತಿತು. ವೈಪರ್ ನನಗೆ ಟಾಟಾ ಮಾಡುತ್ತಲೇ ಇತ್ತು. ಪಾಸ್!

ಮನೆಯ ಗೇಟಿನ ಬಳಿ ಇಳಿದವನು, ಅಭ್ಯಾಸಬಲ ನೋಡಿ, ಅವಳು ರಿವರ್ಸ್ ಹಾಕುತ್ತಲೇ ಮತ್ತೆ ಹಿಂದೆ ಹೋಗಿ ನಿಂತೆ. ಕೂಂ!

ಅವಳು ತಿರುಗಿಯೂ ನೋಡಲಿಲ್ಲ. "ಸರೀರಿ ಪಕ್ಕಕ್ಕೆ!"

"ನಾನಿಲ್ಲಿರೋದು ಹೇಗೆ ಗೊತ್ತಾಯ್ತೇ?"

"ಅದೇ ಹೇಳ್ತು. ಪಾಪ, ಇಷ್ಟು ದಿನವೂ ನಿಜಾನೇ ಹೇಳ್ತಿತ್ತು. ಅದಕ್ಕೇ ಹಿಡಿದು ಆಪರೇಷನ್ ಮಾಡಿಬಿಟ್ರಿ!"