ಖಾಲಾರ ತಲೆಯಲ್ಲಿ ಉಳಿದುಕೊಂಡ ರಕ್ತನಾಳ

ಯಾವುದನ್ನೂ ಎಸೆಯದೆ ಕೂಡಿಟ್ಟುಕೊಳ್ಳುವ ಅಭ್ಯಾಸವನ್ನು ನಮ್ಮ ಖಾಲಾ, ಅಂದರೆ ನನ್ನ ತಾಯಿಯ ಅಕ್ಕ, ಹುಟ್ಟುವ ಮೊದಲೇ ಆರಂಭಿಸಿದ್ದರು ಎಂದರೆ ನೀವು ನಂಬಲಾರಿರಿ. ಆದರೆ ಆಧಾರವಿಲ್ಲದೆ ಬರೆಯುವವಳು ನಾನಲ್ಲ. ನಮ್ಮ ಮನೆತನದ ಮೊದಲ ಪದವೀಧರೆ ನಾನು. ನನ್ನ ಬಳಿ ಎಂ.ಆರ್.ಐ. ವರದಿಯೇ ಇದೆ!

ಮುಂಬೈ ದಹಿಸರ್‌ನ ನಮ್ಮ ಒಂದೇ ಕೋಣೆಯಲ್ಲಿ ಖಾಲಾರ ಹೊಲಿಗೆ ಯಂತ್ರವನ್ನು ಬಿಟ್ಟರೆ ಉಪಯೋಗಕ್ಕೆ ಬರುವ ವಸ್ತು ಕಡಿಮೆ. ಅವಧಿ ಮುಗಿದ ರೈಲ್ವೆ ಪಾಸುಗಳು, ಛತ್ರಿ ಹೋಗಿ ಉಳಿದ ಹಿಡಿಕೆಗಳು, ಮುಚ್ಚಳವಿಲ್ಲದ ಡಬ್ಬಿಗಳು, ಡಬ್ಬಿಯಿಲ್ಲದ ಮುಚ್ಚಳಗಳು!

“ಈ ಮುಚ್ಚಳ ಯಾವುದಕ್ಕೂ ಕೂಡೂದಿಲ್ಲ, ಖಾಲಾ.”

“ಬಿ.ಎ. ಮಾಡೀದಿ, ಸಬೂರಿ ಕಲೀಲಿಲ್ಲ ನೀ. ಅದರ ಡಬ್ಬಿ ಇನ್ನೂ ಬರೋದದ.”

ಒಂದು ದಿನ ದಾರ ಪೋಣಿಸುವಾಗ ಅವರಿಗೆ ಒಂದೇ ಸೂಜಿ ಎರಡಾಗಿ ಕಂಡಿತು. ಬೇರೆಯವರಾದರೆ ಗಾಬರಿಯಾಗುತ್ತಿದ್ದರು. ಖಾಲಾ, “ಒಂದು ಫುಕಟ್ ಸಿಕ್ತು” ಎಂದು, ಒಂದು ಕಣ್ಣು ಮುಚ್ಚಿಕೊಂಡು ವಾರವಿಡೀ ಹೊಲಿದರು. ಗಿರಾಕಿಯ ರವಿಕೆಗೆ ಮೂರನೆಯ ತೋಳು ಬರುವುದೊಂದು ಬಾಕಿ ಇದ್ದಾಗ ನಾನು ಅವರನ್ನು ಆಸ್ಪತ್ರೆಗೆ ಎಳೆದೊಯ್ದೆ.

ಡಾಕ್ಟರರು ಇಂಗ್ಲಿಷಿನಲ್ಲಿ ವಿವರಿಸಿದರು. ಗರ್ಭದಲ್ಲಿರುವ ಶಿಶುವಿನ ಮಿದುಳಿಗೆ ರಕ್ತ ಒಯ್ಯುವ ನಾಳವೊಂದು ಹುಟ್ಟುವುದಕ್ಕೆ ಎಷ್ಟೋ ಮೊದಲೇ ಮುಚ್ಚಿಹೋಗಬೇಕು. ಖಾಲಾರದು ಮುಚ್ಚಿರಲಿಲ್ಲ, ಇದು ತೀರ ಅಪರೂಪ. ಈಗ ಆ ನಾಳದ ಮೇಲೊಂದು ಉಬ್ಬು ಬೆಳೆದು ಕಣ್ಣಿನ ನರವನ್ನು ಒತ್ತುತ್ತಿತ್ತು. ಒಡೆದರೆ ಪ್ರಾಣಕ್ಕೇ ಅಪಾಯ. ತೊಡೆಯ ರಕ್ತನಾಳದ ಮೂಲಕ ತೆಳುವಾದ ತಂತಿ ತೂರಿಸಿ, ಉಬ್ಬಿನೊಳಗೆ ಲೋಹದ ಸುರುಳಿ ತುಂಬಬೇಕು.

ಇದನ್ನೆಲ್ಲ ಕನ್ನಡಕ್ಕೆ ತರುವ ಹೊಣೆ ಪದವೀಧರೆಯದಲ್ಲವೇ? ‘ಅಪರೂಪ’ ಎಂಬುದನ್ನು ನಿಖರವಾಗಿ ತಂದೆ. ‘ಒಡೆದರೆ’ ಎಂಬಲ್ಲಿಗೆ ಬಂದಾಗ ವರದಿಯನ್ನು ಮಡಚಿಟ್ಟೆ. “ಸ್ವಲ್ಪ ಜಾಗರೂಕತೆ ಅಗತ್ಯ” ಎಂದುಬಿಟ್ಟೆ. ಎಂಥ ಶುದ್ಧವಾದ ವಾಕ್ಯ!

ಪರಿಣಾಮವೇನಾಯಿತು? ಅಪಾಯ ತಿಳಿಯದ ಖಾಲಾರಿಗೆ ಅಭಿಮಾನ ಉಕ್ಕಿತು! ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ ಎಂ.ಆರ್.ಐ. ಫಿಲ್ಮು ಬಿಚ್ಚಿ, “ದೇಖೋ ಬಾಯಿ, ಸಬ್‌ಕಾ ಚಲಾ ಜಾತಾ ಹೈ, ಮೇರಾ ರಹಾ!” ಎಂದು, ಎಲ್ಲರದೂ ಹೋಗಿಬಿಡುವ ನಾಳ ತಮ್ಮಲ್ಲಿ ಉಳಿದದ್ದನ್ನು ತೋರಿಸತೊಡಗಿದರು. ಗೋರೆಗಾಂವ್‌ನಲ್ಲಿ ಹತ್ತಿದ ಹೆಂಗಸೊಬ್ಬಳು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ಪರಿಶೀಲಿಸಿ, “ಇದು ಮೆಟ್ರೋದ ಹೊಸ ಲೈನಾ?” ಎಂದು ಕೇಳಿದಳು.

ಚಿಕಿತ್ಸೆಗೆ ಮಾತ್ರ ಒಪ್ಪಲಿಲ್ಲ. “ಈದ್ ಬಟ್ಟಿ ಮುಗೀಲಿ. ಇಷ್ಟು ವರ್ಷ ಸುಮ್ನ ಕುಂತದ್ದಕ್ಕ ಈಗೇನ ಅವಸರ?” ಎಂದರು. ಒಂದು ತಿಂಗಳು ಹಾಗೆಯೇ ಕಳೆಯಿತು. ಒಂದು ಬೆಳಿಗ್ಗೆ ತಲೆನೋವು ತಾಳಲಾರದೆ, ಹಣೆಗೆ ದುಪಟ್ಟಾ ಬಿಗಿದುಕೊಂಡು ಮತ್ತೆ ಯಂತ್ರದ ಮುಂದೆ ಕುಳಿತರು. ನನ್ನ ವ್ಯಾಕರಣವೆಲ್ಲ ಅಲ್ಲಿಗೆ ಮುಗಿಯಿತು.

“ಅದು ಒಡೀತದ, ಖಾಲಾ! ಒಡದ್ರ ನೀ ಸಾಯ್ತಿ! ಡಾಕ್ಟರ್ ಅವತ್ತೇ ಹೇಳಿದ್ರು, ನಾನೇ ಹೇಳಲಿಲ್ಲ. ನನಗ ಹೆದರಿಕಿ ಆಗಿತ್ತು!”

ಯಂತ್ರ ನಿಂತಿತು. ಖಾಲಾ ನನ್ನ ಮುಖವನ್ನೇ ನೋಡಿದರು.

“ಇಷ್ಟು ಹೇಳಾಕ ತಿಂಗಳು ಬೇಕಾತೇನ? ಮೂಗು ಒರಸ್ಕೋ. ನಡಿ.”

ಆಸ್ಪತ್ರೆಯ ಗುಮಾಸ್ತ ಫಾರಂ ತುಂಬುತ್ತ, ರೋಗಿಗೂ ನನಗೂ ಏನು ಸಂಬಂಧವೆಂದು ಕೇಳಿದ. ತಾಯಿಯ ಅಕ್ಕ ಎಂದು ನಾನು ಕ್ರಮವಾಗಿ ಹೇಳಲು ಹೊರಟೆ. ಖಾಲಾ ನನ್ನನ್ನು ಪಕ್ಕಕ್ಕೆ ಸರಿಸಿ, “ಬೇಟಿ ಲಿಖೋ, ಭಾಯಿ” ಎಂದು, ಮಗಳು ಅಂತಲೇ ಬರೆಸಿದರು.

“ಖಾಲಾ, ಅದು ತಪ್ಪಾಗ್ತದ.”

“ಆರು ವರ್ಷದಾಕಿ ಇದ್ದಾಗ, ಮುಂಬೈ ನೋಡ್ಲಿ ಅಂತ ನಿಮ್ಮವ್ವ ನಿನ್ನ ಒಂದು ತಿಂಗಳಿಗೆ ಕಳಿಸಿದ್ಲು. ನಾ ತಿರುಗಿ ಕೊಟ್ಟೀನೇನ?”

ನಾಲ್ಕು ತಾಸು ಹೊರಗೆ ಕುಳಿತೆ. ಕೊನೆಗೆ ಬಾಗಿಲು ತೆರೆದು ನರ್ಸ್ ಖಾಲಾರ ಹೆಸರು ಹೇಳಿ, “ಬೇಟಿ ಕೌನ್ ಹೈ?” ಎಂದು ಕೂಗಿದಳು. ಎಲ್ಲರಂತೆ ನಾನೂ ಆ ಮಗಳನ್ನು ಹುಡುಕುತ್ತ ಅತ್ತಿತ್ತ ನೋಡಿದೆ! ಪಕ್ಕದಾಕೆ ತಿವಿದ ಮೇಲೆಯೇ ಎದ್ದದ್ದು. ಸುರುಳಿ ಸರಿಯಾಗಿ ಕೂತಿತ್ತು. ಖಾಲಾರಿಗೆ ಎಚ್ಚರವಾಗಿತ್ತು, ನಾನು ಉಂಡೆನೋ ಇಲ್ಲವೋ ಎಂದು ಕೇಳುತ್ತಿದ್ದರು.

ಆಮೇಲೆ ನಾಲ್ಕು ವರ್ಷ ಹೊಲಿದರು, ಜಗಳವಾಡಿದರು. ಕಳೆದ ವರ್ಷ ತೀರಿಕೊಂಡರು. ತಲೆಯಿಂದಲ್ಲ, ಬರೀ ಜ್ವರದಿಂದ.

ಈಗ ಬ್ಯಾಂಕಿರಲಿ, ದವಾಖಾನೆಯಿರಲಿ, ಯಾರೋ ಯಾರದೋ ಮಗಳನ್ನು ಕೂಗಿದರೆ, ಹೆಸರು ಪೂರ್ತಿ ಕಿವಿಗೆ ಬೀಳುವ ಮೊದಲೇ ನಾನು ಅರ್ಧ ಎದ್ದು ನಿಂತಿರುತ್ತೇನೆ.