ಬಾಗಿಲ ಪಕ್ಕದ ಕೊನೆಯ ಸ್ವಿಚ್ಚು

ಒಬ್ಬೊಬ್ಬರಿಗೆ ಒಂದೊಂದು ಚಟ. ಕೆಲವರಿಗೆ ನಶ್ಯ, ಕೆಲವರಿಗೆ ಇಸ್ಪೀಟು. ನಮ್ಮ ಸ್ವಿಚ್ಚಪ್ಪನಿಗೆ ಸ್ವಿಚ್ಚು ಆರಿಸುವ ಚಟ. ಊಟಕ್ಕೆ ಕೂತವರ ತಲೆಯ ಮೇಲಿನ ಫ್ಯಾನು, ಸ್ನಾನಕ್ಕೆ ಹೋದವರ ಬಚ್ಚಲ ದೀಪ, ತನ್ನದೇ ಅಂಗಿಯ ಮೇಲೆ ಅರ್ಧ ಆಡಿದ್ದ ಇಸ್ತ್ರಿಪೆಟ್ಟಿಗೆ, ಯಾವುದನ್ನೂ ಬಿಟ್ಟವನಲ್ಲ. ನೀರು ಸರಬರಾಜು ಕಚೇರಿಯಲ್ಲಿ ಎಲ್ಲಿ ಪೈಪು ಸೋರುತ್ತಿದೆ ಎಂದು ಪತ್ತೆ ಮಾಡುವುದು ಅವನ ಉದ್ಯೋಗ. ಮನೆಗೆ ಬಂದರೂ ಏನೋ ಎಲ್ಲೋ ಸೋರುತ್ತಿದೆ ಎಂಬ ಗುಮಾನಿ ಬಿಡುತ್ತಿರಲಿಲ್ಲ. ಸ್ವಿಚ್ಚಪ್ಪ ಎಂಬ ಹೆಸರು ಇಟ್ಟವರು ಅವನ ಮಾವ.

"ಹಗಲು ಹೊತ್ನಲ್ಲೇ ಲೈಟಾ? ಬಿಲ್ಲು ನಿಮ್ಮಪ್ಪ ಕಟ್ತಾರಾ?" ಎಂದು ಅವನು ಹೆಂಡತಿಯ ಮೇಲೆ ಹಾರಾಡಿದರೆ, ಅದೇ ಹಾಲಿನ ಮೂಲೆಯ ಕುರ್ಚಿಯಿಂದ ಸಾಕ್ಷಾತ್ ಆ ಅಪ್ಪನೇ ಪೇಪರು ಸರಿಸಿ, "ಕಟ್ಟೋಣ ಬಿಡಪ್ಪಾ, ಅದಕ್ಕೇನಂತೆ" ಎನ್ನುತ್ತಿದ್ದರು. ಮನೆಯೆಲ್ಲ ನಗು. ಮಾವ ತೀರಿಕೊಂಡ ಮೇಲೆ ಆ ಬಿಲ್ಲಿನ ಮಾತು ಸ್ವಿಚ್ಚಪ್ಪನ ಗಂಟಲಲ್ಲೇ ಉಳಿಯಿತು. ಸ್ವಿಚ್ಚು ಆರಿಸುತ್ತಿದ್ದ, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ.

ಮಾವ ಹಿಂದೆ ಬಿಟ್ಟುಹೋದದ್ದು ಅತ್ತೆಯನ್ನು ಮತ್ತು ಹಳೆಯ ಕಾರನ್ನು. ಸಂಜೆಯಾದರೆ ಸಾಕು, ಮಾವ ಅತ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆರೆಯ ದಂಡೆಗೆ ಹೋಗಿ, ಕಾರಿನಲ್ಲೇ ಕೂತು ಫ್ಲಾಸ್ಕಿನ ಚಹಾ ಕುಡಿದು ಬರುತ್ತಿದ್ದರು. ಈಗ ಅತ್ತೆ ಹಾಲಿನಲ್ಲಿ, ಕಾರು ಶೆಡ್ಡಿನಲ್ಲಿ. ಹೆಂಡತಿಗೆ ಅಪ್ಪನೇ ಡ್ರೈವಿಂಗ್ ಕಲಿಸಿದ್ದರು, ಆದರೆ ಆ ಕಾರಿನ ಕೀಲಿ ಮುಟ್ಟಿದರೆ ಅವಳಿಗೆ ಅಳು ಬರುತ್ತಿತ್ತು. (ಸ್ವಿಚ್ಚಪ್ಪನೂ ಕಲಿಯಲು ಹೋಗಿದ್ದ. ಓಡುತ್ತಿರುವ ಕಾರಿನ ಹೆಡ್‌ಲೈಟು ಆರಿಸಿದ್ದಕ್ಕೆ ಕಲಿಸುವವನು ಕೈಮುಗಿದು ಕಳಿಸಿಬಿಟ್ಟ.)

ಕಾರಿಗೊಬ್ಬ ಗಿರಾಕಿ ಸಿಕ್ಕಿದ. ಅತ್ತೆಗೆ ಹೇಳುವುದು ಹೇಗೆ ಎಂದು ಗಂಡ ಹೆಂಡತಿ ಪಿಸುಗುಟ್ಟುತ್ತಿರುವಾಗ ಅತ್ತೆಯೇ ಹೇಳಿದರು.

"ಮಾರಿ ಅಳಿಯಂದ್ರೇ, ನಾನೇನು ಬೇಡ ಅನ್ನಲ್ಲ. ಅವರು ಹೋಗಿ ವರ್ಷ ತುಂಬೋ ದಿನ ಒಂದೇ ಒಂದು ಸಲ ಅದರಲ್ಲಿ ಕೆರೆ ಹತ್ರ ಹೋಗಿ ಬರೋಣ. ಆಮೇಲೆ ಮಾರಿ."

ಅತ್ತೆ ಅಳಿಯನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಓಡಿಸದ ಕಾರಿನ ಬ್ಯಾಟರಿ ನಿಂತಲ್ಲೇ ಸಾಯುತ್ತದೆ ಎಂದು ಯಾರೋ ಹೇಳಿದ್ದೇ ತಡ, ಸ್ವಿಚ್ಚಪ್ಪ ಅಂಗಡಿಗೆ ಓಡಿ ಪುಟ್ಟದೊಂದು ಚಾರ್ಜರ್ ತಂದ.

"ಇದನ್ನ ಸದಾ ಹಾಕಿಡಿ ಸಾರ್," ಎಂದಿದ್ದ ಅಂಗಡಿಯವನು. "ತುಂಬಿದ್ರೆ ತಾನೇ ನಿಲ್ಲತ್ತೆ, ಇಳಿದ್ರೆ ತಾನೇ ತುಂಬತ್ತೆ. ಹಾಕಿ ಮರ್ತುಬಿಡಿ."

ಸದಾ ಹಾಕಿಡುವುದು! ಸ್ವಿಚ್ಚಪ್ಪನ ಪಾಲಿಗೆ ಅದು ಪ್ರಾಣತ್ಯಾಗಕ್ಕೆ ಸಮ. ಆದರೂ ಅತ್ತೆಗಾಗಿ ಒಪ್ಪಿದ. ಬಾನೆಟ್ಟಿನೊಳಗೆ ಚಾರ್ಜರ್ ಇಟ್ಟು, ಕೆಂಪು ಕಪ್ಪು ಕ್ಲಿಪ್ಪುಗಳನ್ನು ಬ್ಯಾಟರಿಗೆ ಕಚ್ಚಿಸಿ, ಮೇಲೆ ಹೊದಿಕೆ ಹೊದಿಸಿ, "ಯಾರೂ ಮುಟ್ಟಬಾರದು" ಎಂದು ಬರೆದ ಚೀಟಿಯನ್ನು ಹೊದಿಕೆಗೆ ಪಿನ್ನಿನಿಂದ ಚುಚ್ಚಿಟ್ಟ. ಶೆಡ್ಡಿನಲ್ಲಿ ಕರೆಂಟಿಲ್ಲ. ಆದ್ದರಿಂದ ಕಿಟಕಿಯಿಂದ ವೈರು ಎಳೆದು ಮುಂಬಾಗಿಲ ಪಕ್ಕದ ಸ್ವಿಚ್ ಬೋರ್ಡಿಗೆ ಸಿಕ್ಕಿಸಿದ. ಕೊನೆಯ ಸ್ವಿಚ್ಚು ಒತ್ತಿ, ಹೆಂಡತಿಗೂ ಅತ್ತೆಗೂ ಒಂದು ಉಪನ್ಯಾಸ ಕೊಟ್ಟು, ಅಂಗಡಿಯವನ ಆಜ್ಞೆಯಂತೆ ಮರೆತುಬಿಟ್ಟ.

ವರ್ಷ ತುಂಬಿದ ದಿನ ಅತ್ತೆ ಇಸ್ತ್ರಿಯ ಸೀರೆಯುಟ್ಟು, ಫ್ಲಾಸ್ಕು ಹಿಡಿದು, ಯಾರೂ ಕರೆಯುವ ಮೊದಲೇ ಮುಂದಿನ ಸೀಟಿನಲ್ಲಿ ಕೂತಿದ್ದರು. ಗಿರಾಕಿ ಮರುದಿನ ಬೆಳಿಗ್ಗೆ ಬರುವವನಿದ್ದ. ಸ್ವಿಚ್ಚಪ್ಪ ಕ್ಲಿಪ್ಪು ಬಿಚ್ಚಿ, ಚಾರ್ಜರ್ ನೆಲಕ್ಕಿಟ್ಟು, ಬಾನೆಟ್ಟು ಮುಚ್ಚಿ ಹಿಂದೆ ಕೂತ. ಹೆಂಡತಿ ಕೀಲಿ ತಿರುಗಿಸಿದಳು. ಕಾರು ಕಟಕ್ ಎಂದಿತು. ಮತ್ತೆ ತಿರುಗಿಸಿದಳು. ಆ ಕಟಕ್ಕೂ ಇಲ್ಲ.

"ಏನ್ರೀ ಇದು?"

"ಬ್ಯಾಟರಿ ಅಂತೂ ಅಲ್ಲವೇ ಅಲ್ಲ. ನಿಂಗೆ ಕೀಲಿ ತಿರುಗಿಸೋಕೆ ಬರ್ತಿಲ್ಲ."

"ನಂಗೆ ನಮ್ಮಪ್ಪ ಕಲಿಸಿದ್ದು. ನಿಮಗೆ ಬರೋದು ಆರಿಸೋದೊಂದೇ. ಇಳಿದು ತಳ್ಳಿ!"

ಅತ್ತೆ ಇಳಿದರೆ ಹಗುರವಾಗುತ್ತದೆ ಎನ್ನಲು ಹೋದವನು ಅವರ ಮುಖ ನೋಡಿ ಕಾರಿನ ಬೆನ್ನಿಗೆ ಕೈ ಕೊಟ್ಟ. ತಳ್ಳಿದ. ಗೇಟು ದಾಟಿಸಿದ, ಎದುರುಮನೆ ದಾಟಿಸಿದ. ಸೋರಿಕೆ ತಜ್ಞನ ಮೈಯೆಲ್ಲ ಸೋರತೊಡಗಿತು. ಕಾರು ಸಾಮು ಮಾಡುವವನಂತೆ ಎರಡು ಸಲ ಹೂಂಕರಿಸಿ, ಬೀದಿಯ ಕೊನೆಯಲ್ಲಿ, ಬಾಗಿಲು ಮುಚ್ಚಿದ್ದ ಕ್ಷೌರದಂಗಡಿಯ ಮುಂದೆ ನಿಂತುಬಿಟ್ಟಿತು. ಅಲ್ಲಿಂದ ಮುಂದೆ ಏರು.

"ಸಾಕು ಬನ್ನಿ ಅಳಿಯಂದ್ರೇ," ಅತ್ತೆ ಕರೆದರು. "ಒಳಗೆ ಕೂತ್ಕೊಳ್ಳಿ. ಚಹಾ ಆರತ್ತೆ."

ರೂಢಿಯಂತೆ ಎರಡೇ ಲೋಟ ತಂದಿದ್ದರು. ಒಂದನ್ನು ಮಗಳಿಗೆ, ಇನ್ನೊಂದನ್ನು ಅಳಿಯನಿಗೆ ಕೊಟ್ಟು ತಾವು ಫ್ಲಾಸ್ಕಿನ ಮುಚ್ಚಳದಲ್ಲಿ ಕುಡಿದರು. ಎದುರಿಗೆ ಕೆರೆಯಿಲ್ಲ, ಅಂಗಡಿಯ ಜಗುಲಿಯಲ್ಲಿ ಕಾಲು ಮುರಿದ ಕ್ಷೌರದ ಕುರ್ಚಿಯೊಂದಿತ್ತು. ಅತ್ತೆ ಅದನ್ನೇ ನೋಡುತ್ತಾ ಕೂತರು.

"ಅವರೇನು ಕೆರೆ ನೋಡ್ತಿದ್ರಾ? 'ಗಾಜು ಏರಿಸೇ, ಸೊಳ್ಳೆ ಬರತ್ತೆ' ಅಂತಿದ್ರು, ಅಷ್ಟೇ," ಎಂದು ಪಕ್ಕದ ಹಿಡಿಕೆ ತಿರುವಿ ಗಾಜು ಏರಿಸಿದರು.

ಸ್ವಿಚ್ಚಪ್ಪನಿಗೆ ತಡೆಯಲಾಗಲಿಲ್ಲ. "ಆ ಅಂಗಡಿಯವನನ್ನ ಸುಮ್ನೆ ಬಿಡಲ್ಲ ನಾನು! ಮೋಸಗಾರ! ಸದಾ ಹಾಕಿಡಿ ಅಂದ, ಹಾಕಿಟ್ಟೆ..."

"ಬೇಜಾರು ಮಾಡ್ಕೋಬೇಡಿ, ಒಂದು ಕೇಳ್ಲಾ?" ಅತ್ತೆ ಮೆಲ್ಲಗೆ ಅಂದರು. "ಅದು ಬಾಗಿಲ ಪಕ್ಕದ ಕೊನೆ ಸ್ವಿಚ್ಚಲ್ವಾ? ಅದನ್ನ ಹಾಕಿದ ಮಾರನೇ ಬೆಳಿಗ್ಗೆ ಆಫೀಸಿಗೆ ಹೊರಟಾಗ ನೀವೇ ಆರಿಸಿದ್ರಲ್ಲ? ಎಲ್ಲಾ ಸ್ವಿಚ್ಚಿನ ಜೊತೆ, ಟಕಟಕ ಅಂತ. ತುಂಬಿರಬೇಕು ಅಂದ್ಕೊಂಡೆ. ತಿಳಿದವರು ನೀವು, ನಾನೇನು ಹೇಳೋದು ಅಂತ ಸುಮ್ನಾದೆ."

ಸ್ವಿಚ್ಚಪ್ಪ ತನ್ನ ಬಲಗೈ ನೋಡಿಕೊಂಡ. ಸದಾ ಹಾಕಿಡಬೇಕೆಂದು ತಲೆಗೆ ಗೊತ್ತಿತ್ತು, ಬೆರಳುಗಳಿಗೆ ಯಾರೂ ಹೇಳಿರಲಿಲ್ಲ. ಹೆಂಡತಿ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಸ್ಟಿಯರಿಂಗಿಗೆ ಹಣೆಯಿಟ್ಟು ಅಳುತ್ತಿದ್ದಳು.

"ಮಾರೋದು ಬೇಡ ಅತ್ತೆ. ಹೊಸ ಬ್ಯಾಟರಿ ಹಾಕಿಸ್ತೀನಿ. ಇನ್ನೊಂದು ದಿನ ಕೆರೆಗೆ..."

"ಬೇಡಪ್ಪ. ಮಾತು ಕೊಟ್ಟಿದ್ದೀರಿ, ಗಿರಾಕಿ ಬರ್ಲಿ. ಕೂತಿದ್ದಾಯ್ತು, ಚಹಾ ಕುಡಿದಿದ್ದಾಯ್ತು."

ಮರುದಿನ ಗಿರಾಕಿ ಕ್ಷೌರದಂಗಡಿಯ ಮುಂದಿನಿಂದಲೇ ಕಾರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೋದ. ಅತ್ತೆ ಅದು ಏರು ಹತ್ತಿ ಮರೆಯಾಗುವವರೆಗೂ ನೋಡಿ ಒಳಗೆ ಬಂದರು. ಕಚೇರಿಗೆ ಹೊರಟ ಸ್ವಿಚ್ಚಪ್ಪನ ಕೈ ಬೋರ್ಡಿನ ಮೇಲೆ ಟಕಟಕ ಇಳಿದು, ಕೊನೆಯ ಸ್ವಿಚ್ಚಿನ ಹತ್ತಿರ ನಿಂತಿತು. ಅದನ್ನು ಒತ್ತಿ ಹಾಕಿದ. ಬರಿದಾದ ಶೆಡ್ಡಿನ ನೆಲದಲ್ಲಿ ಬಿದ್ದಿದ್ದ ಚಾರ್ಜರಿನ ಹಸಿರು ದೀಪ ಹೊತ್ತಿಕೊಂಡಿತು. ಯಾಕೆ ಹಾಕಿದೆ ಎಂದು ಕೇಳಿದ್ದರೆ ಅವನಿಗೂ ಗೊತ್ತಿರಲಿಲ್ಲ.

ಸಂಜೆ ಬಂದಾಗ ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಖಾಲಿ ಶೆಡ್ಡಿಗೆ ಕರೆಂಟು ಹಾಕಿಟ್ಟು ಹೋಗಿದ್ದೀರಲ್ಲ, ಬಿಲ್ಲು ನಿಮ್ಮ ಮಾವ ಬಂದು ಕಟ್ತಾರಾ?"

ಅಡುಗೆಮನೆಯಲ್ಲಿ ಹೆಂಡತಿಯ ಕೈಯಲ್ಲಿದ್ದ ಪಾತ್ರೆಯ ಸದ್ದು ನಿಂತಿತು. ಆ ಮಾತು ಆ ಮನೆಯಲ್ಲಿ ಕೇಳಿ ವರ್ಷವಾಗಿತ್ತು. ಅತ್ತೆಗೇ ಮೊದಲು ನಗು ಬಂತು. ನಗುತ್ತಾ ನಗುತ್ತಾ ಕಣ್ಣು ತುಂಬಿತು.

"ಕಟ್ಟೋಣ ಬಿಡಿ ಅತ್ತೆ, ಅದಕ್ಕೇನಂತೆ," ಎಂದ ಸ್ವಿಚ್ಚಪ್ಪ. ಅಳು ಅವರಿಗೆ ಕಾಣಬಾರದೆಂದು ಸರಸರ ಒಳಗೆ ನಡೆದ. ಹೋಗುವಾಗ ಅವನ ಬಲಗೈ ತನ್ನ ಪಾಡಿಗೆ ತಾನು ಹಾಲಿನ ದೀಪ ಆರಿಸಿತು.

"ಅಳಿಯಂದ್ರೇ," ಕತ್ತಲಿನಿಂದ ಅತ್ತೆಯ ದನಿ ಬಂತು, "ನಾನಿನ್ನೂ ಇಲ್ಲೇ ಇದ್ದೀನಿ!"